ಬೆಳಕನ್ನು ಹಿಡಿದಿಟ್ಟ ಹೊಳೆದಂಡೆಯ ಊರು

ಲೇಕಾಕ್‌ನ ಹೈ ಸ್ಟ್ರೀಟಿನಲ್ಲಿ ನಿಂತು ತಲೆಯೆತ್ತಿದರೆ ಒಂದು ವಿದ್ಯುತ್ ತಂತಿಯೂ ಕಣ್ಣಿಗೆ ಬೀಳುವುದಿಲ್ಲ. ಸೂರಿನ ಮೇಲೆ ಟಿ.ವಿ. ಆಂಟೆನಾ ಇಲ್ಲ. ಇಂಗ್ಲೆಂಡಿನ ಯಾವ ಪೇಟೆಬೀದಿಗೆ ಹೋದರೂ ಎದುರಾಗುವ ಪಾರ್ಕಿಂಗ್ ನಿಷೇಧದ ಹಳದಿ ಗೆರೆಗಳೂ ಇಲ್ಲ. ಬೀದಿಯ ಎರಡೂ ಬದಿಗೆ ಗೋಡೆಗೆ ಗೋಡೆ ಕೂಡಿಸಿ ಕಟ್ಟಿದ ಮನೆಗಳಿವೆ. ಕೆಲವು ಕಲ್ಲಿನವು, ಕೆಲವು ಕೆಂಪು ಇಟ್ಟಿಗೆಯವು, ಇನ್ನು ಕೆಲವು ಮರದ ಚೌಕಟ್ಟು ನಿಲ್ಲಿಸಿ ನಡುವಿನ ಜಾಗಕ್ಕೆ ಕಡ್ಡಿ ಹೆಣೆದು ಮಣ್ಣು ಮೆತ್ತಿದವು. ಇವುಗಳಲ್ಲಿ ಹೆಚ್ಚಿನವು 18ನೇ ಶತಮಾನ ಮುಗಿಯುವ ಮೊದಲೇ ಎದ್ದು ನಿಂತಿದ್ದವು. ಆದರೂ ಇದು ಪಾಳುಬಿದ್ದ ಊರಲ್ಲ, ಪ್ರದರ್ಶನಕ್ಕೆ ಕಟ್ಟಿದ ಊರೂ ಅಲ್ಲ. ಒಳಗೆ ಸಂಸಾರಗಳಿವೆ, ಊರಲ್ಲಿ ಮಕ್ಕಳ ಶಾಲೆಯಿದೆ, ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ನಡೆಯುತ್ತದೆ.

ಇಂಗ್ಲೆಂಡಿನ ನೈರುತ್ಯದ ವಿಲ್ಟ್‌ಶರ್ ಸೀಮೆಯಲ್ಲಿ, ಚಿಪ್ಪನಂ ಪಟ್ಟಣದಿಂದ ದಕ್ಷಿಣಕ್ಕೆ ಐದು ಕಿಲೋಮೀಟರ್ ದೂರದಲ್ಲಿ, ಏವನ್ ನದಿಯ ದಂಡೆಯಲ್ಲಿ ಈ ಊರಿದೆ. ಏವನ್ ಎಂದೊಡನೆ ಶೇಕ್ಸ್‌ಪಿಯರನ ಊರು ನೆನಪಾಗುವುದು ಸಹಜ. ಆದರೆ ಅದು ಬೇರೆ ಏವನ್. ಲೇಕಾಕ್‌ನ ಪಕ್ಕ ಹರಿಯುವ ಹೊಳೆ ಬಾತ್ ನಗರವನ್ನು ಬಳಸಿ ಬ್ರಿಸ್ಟಲ್ ದಾಟಿ ಸೆವರ್ನ್ ಅಳಿವೆಯನ್ನು ಸೇರುತ್ತದೆ. ಊರೊಳಗೆ ಬೈಡ್ ಬ್ರೂಕ್ ಎಂಬ ಸಣ್ಣ ಹಳ್ಳವೂ ಇದೆ. ಒಂದು ಕಡೆ ಅದು ರಸ್ತೆಯ ಮೇಲೆಯೇ ಹರಿಯುತ್ತದೆ. ಬಂಡಿಗಳು ನೀರಿನಲ್ಲೇ ದಾಟಬೇಕು. ಪಕ್ಕದಲ್ಲಿ ಹೇರುಕುದುರೆಗಳಿಗೂ ಕಾಲ್ನಡಿಗೆಯವರಿಗೂ ಹಿಂದಿನವರು ಕಟ್ಟಿದ ಕಿರಿದಾದ ಕಲ್ಲು ಸೇತುವೆ ಇಂದಿಗೂ ಬಳಕೆಯಲ್ಲಿದೆ.

ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆ ವಿಲಿಯಂ 1086ರಲ್ಲಿ ನಾಡಿನ ಆಸ್ತಿಪಾಸ್ತಿಯನ್ನೆಲ್ಲ ಬರೆಸಿದ ಡೂಮ್ಸ್‌ಡೇ ಲೆಕ್ಕಪುಸ್ತಕದಲ್ಲಿ ಲೇಕಾಕ್‌ಗೆ ಎರಡು ಗಿರಣಿ ಮತ್ತು ಒಂದು ದ್ರಾಕ್ಷಿತೋಟ ಇದ್ದುದು ದಾಖಲಾಗಿದೆ. ಗಿರಣಿಗಳನ್ನು ತಿರುಗಿಸಿದ್ದು ಇಲ್ಲಿನ ನೀರೇ.

ಇಂಥ ಹಳೆಯ ಊರುಗಳು ಇಂಗ್ಲೆಂಡಿನಲ್ಲಿ ನೂರಾರಿವೆ. ಆದರೆ ಅವುಗಳಲ್ಲಿ ಹಳೆಯ ಮನೆಯ ಮಗ್ಗುಲಿಗೆ ಹೊಸ ಮನೆ, ಅದರಾಚೆ ಪೆಟ್ರೋಲ್ ಬಂಕು ಎದ್ದಿರುತ್ತವೆ. ಲೇಕಾಕ್ ಇಡಿಯಾಗಿ ಉಳಿದಿದೆ. ಅದಕ್ಕೆ ಕಾರಣ ಅದೃಷ್ಟವಷ್ಟೇ ಅಲ್ಲ. ಏಳುನೂರು ವರ್ಷ ಈ ಊರು ಹೆಚ್ಚುಕಡಿಮೆ ಒಂದೇ ಒಡೆತನದಲ್ಲಿತ್ತು: ಮೊದಲು ಸನ್ಯಾಸಿನಿಯರ ಮಠ, ಆಮೇಲೆ ಮಠವನ್ನೇ ಮನೆ ಮಾಡಿಕೊಂಡ ಕುಟುಂಬ. ಆ ಒಡೆತನ ಶುರುವಾದದ್ದೂ ಒಬ್ಬ ಹೆಂಗಸಿನಿಂದ, ಕೊನೆಗೆ ಅದನ್ನು ಸಾರ್ವಜನಿಕರ ಪಾಲಿಗೆ ಬಿಟ್ಟುಕೊಟ್ಟದ್ದೂ ಒಬ್ಬ ಹೆಂಗಸು.

ಮೊದಲಿನವಳು ಸಾಲ್ಸ್‌ಬರಿಯ ಕೌಂಟೆಸ್ ಎಲಾ. ಅವಳ ಗಂಡ ವಿಲಿಯಂ ಲಾಂಗ್‌ಎಸ್ಪೀ ದೊರೆ ಜಾನ್‌ನ ಮಲಸಹೋದರ. ಗಂಡ 1226ರಲ್ಲಿ ತೀರಿಕೊಂಡ. ಸಿರಿವಂತ ವಿಧವೆಗೆ ಮತ್ತೊಂದು ಮದುವೆಯ ಒತ್ತಾಯ ಬರುವುದು ಆ ಕಾಲದ ರೂಢಿ, ಎಲಾ ಒಪ್ಪಲಿಲ್ಲ. ವಿಲ್ಟ್‌ಶರ್‌ನ ಶೆರಿಫ್ ಹುದ್ದೆಯನ್ನು ತಾನೇ ನಿಭಾಯಿಸಿದಳು. 1232ರ ಏಪ್ರಿಲ್‌ನಲ್ಲಿ ಒಂದೇ ದಿನ ಎರಡು ಮಠಗಳಿಗೆ ಅಡಿಗಲ್ಲು ಇಟ್ಟಳು ಎಂದು ಪರಂಪರೆ ಹೇಳುತ್ತದೆ: ಬೆಳಿಗ್ಗೆ ಲೇಕಾಕ್‌ನಲ್ಲಿ ಹೆಣ್ಣುಮಕ್ಕಳ ಮಠಕ್ಕೆ, ಮಧ್ಯಾಹ್ನ ಹಿಂಟನ್‌ನಲ್ಲಿ ಗಂಡಸರ ಮಠಕ್ಕೆ. ಕೆಲವು ವರ್ಷಗಳಲ್ಲಿ ತಾನೂ ಸನ್ಯಾಸಿನಿಯಾಗಿ ಲೇಕಾಕ್ ಸೇರಿ, ಮಠದ ಮುಖ್ಯಸ್ಥೆಯಾದಳು. 1261ರಲ್ಲಿ ಸತ್ತಾಗ ಅವಳನ್ನು ಇಲ್ಲೇ ಮಣ್ಣುಮಾಡಿದರು. ಎಲಾಳ ಹೆಸರಿನ ಸಮಾಧಿಕಲ್ಲು ಮಠದ ಒಳಾಂಗಣದ ಪಡಸಾಲೆಯಲ್ಲಿ ಇದೆ. ಆ ಪಡಸಾಲೆಯ ಕಮಾನುಗಳ ಕಲ್ಲುಕೆಲಸ ನೋಡಲಿಕ್ಕಾಗಿಯೇ ಲೇಕಾಕ್‌ಗೆ ಹೋಗಬಹುದು.

ಮಠದ ನೆರಳಿನಲ್ಲಿ ಊರು ಬೆಳೆಯಿತು. 13ನೇ ಶತಮಾನದಲ್ಲಿ ವಾರದ ಸಂತೆ ನಡೆಸುವ ಹಕ್ಕು ಸಿಕ್ಕಿತು. ಹೈ ಸ್ಟ್ರೀಟ್ ಇಷ್ಟು ಅಗಲವಾಗಿರುವುದಕ್ಕೆ ಆ ಸಂತೆಯೇ ಕಾರಣ. ಸುತ್ತಲ ದಿಬ್ಬಗಳಲ್ಲಿ ಕುರಿ, ಊರಲ್ಲಿ ನೂಲುವವರು, ನೇಯುವವರು, ಹೊಳೆಯಲ್ಲಿ ನೀರು. ಉಣ್ಣೆ ಬಟ್ಟೆಯ ವ್ಯಾಪಾರದಿಂದ ಲೇಕಾಕ್ ದುಡ್ಡು ಕಂಡಿತು. ಈಸ್ಟ್ ಸ್ಟ್ರೀಟಿನ ದೊಡ್ಡ ಕಣಜ 14ನೇ ಶತಮಾನದ್ದು. ಫಸಲಿನಲ್ಲಿ ಹತ್ತನೇ ಒಂದು ಪಾಲನ್ನು ಧರ್ಮದ ಹೆಸರಿನಲ್ಲಿ ಒಪ್ಪಿಸಬೇಕಾಗಿದ್ದ ರೈತರು ಕಾಳನ್ನೂ ಉಣ್ಣೆಯನ್ನೂ ಇಲ್ಲಿಗೆ ತಂದು ಅಳೆದುಕೊಡುತ್ತಿದ್ದರು.

1539ರಲ್ಲಿ ಎಂಟನೇ ಹೆನ್ರಿ ದೇಶದ ಮಠಗಳನ್ನೆಲ್ಲ ಮುಚ್ಚಿಸುತ್ತಿದ್ದಾಗ ಲೇಕಾಕ್‌ನ ಸರದಿಯೂ ಬಂತು. ಮರುವರ್ಷ ವಿಲಿಯಂ ಶಾರಿಂಗ್ಟನ್ ಎಂಬಾತ 783 ಪೌಂಡು ಕೊಟ್ಟು ಮಠವನ್ನು ಕೊಂಡ. ಅಂಥ ಮಠಗಳನ್ನು ಕೊಂಡವರಲ್ಲಿ ಅನೇಕರು ಕಲ್ಲು ಕಿತ್ತು ಮಾರಿಕೊಂಡರು. ಶಾರಿಂಗ್ಟನ್ ಮಠದ ಚರ್ಚನ್ನಷ್ಟೇ ಕೆಡವಿದ. ಕಮಾನಿನ ಪಡಸಾಲೆ, ಸಭಾಕೋಣೆ, ಸನ್ಯಾಸಿನಿಯರು ಚಳಿ ಕಾಯಿಸಿಕೊಳ್ಳುತ್ತಿದ್ದ ಕೋಣೆ ಇವನ್ನೆಲ್ಲ ಹಾಗೆಯೇ ಬಿಟ್ಟು, ಮೇಲಂತಸ್ತನ್ನು ವಾಸದ ಮನೆ ಮಾಡಿಕೊಂಡ. ಒಂದು ಮೂಲೆಗೆ ಎಂಟು ಮೂಲೆಯ ಗೋಪುರ ಕಟ್ಟಿಸಿದ. ಅವನ ಬದುಕು ಮಾತ್ರ ನೇರವಾಗಿರಲಿಲ್ಲ. ಬ್ರಿಸ್ಟಲ್ ಟಂಕಸಾಲೆಯ ಅಧಿಕಾರಿಯಾಗಿ ನಾಣ್ಯಗಳಲ್ಲಿ ಮೋಸ ನಡೆಸಿದ್ದಕ್ಕೆ 1549ರಲ್ಲಿ ಸಿಕ್ಕಿಬಿದ್ದ. ಅವನ ಜೊತೆಗಾರ ಥಾಮಸ್ ಸೀಮರ್‌ನ ತಲೆ ಹೋಯಿತು. ಶಾರಿಂಗ್ಟನ್ ತಪ್ಪೊಪ್ಪಿಕೊಂಡು ಕ್ಷಮೆ ಪಡೆದ. ದೊಡ್ಡ ಮೊತ್ತ ತೆತ್ತು ಆಸ್ತಿಯನ್ನು ಮರಳಿ ಕೊಂಡ. ಅವನಿಗೆ ಮಕ್ಕಳಿರಲಿಲ್ಲ. ಮುಂದೆ ಆಸ್ತಿ ತಮ್ಮನ ಮಗಳು ಆಲಿವ್‌ಗೆ, ಅವಳ ಮದುವೆಯ ಮೂಲಕ ಟಾಲ್ಬಟ್ ಮನೆತನಕ್ಕೆ ಬಂತು.

ಉಣ್ಣೆ ಬಟ್ಟೆಯ ಕಸುಬು ಕ್ರಮೇಣ ಉತ್ತರದ ದೊಡ್ಡ ಕಾರ್ಖಾನೆಗಳ ಪಾಲಾಯಿತು. ರೈಲು ಬಂದಾಗ ಮುಖ್ಯ ಮಾರ್ಗ ಚಿಪ್ಪನಂ ಮೇಲೆ ಹಾದುಹೋಯಿತು. ದುಡ್ಡು ಇರುವ ಊರಿನವರು ಹಳೆಯ ಮನೆ ಕೆಡವಿ ಹೊಸದು ಕಟ್ಟುತ್ತಾರೆ. ಲೇಕಾಕ್‌ನವರ ಕೈಯಲ್ಲಿ ಆ ದುಡ್ಡು ಉಳಿಯಲಿಲ್ಲ, ಮನೆಗಳೂ ಅವರವಲ್ಲ, ಟಾಲ್ಬಟ್ ಕುಟುಂಬದವು. ಇಂದು ಪ್ರವಾಸಿಗರು ಮೆಚ್ಚುವ ಅಂದದ ಹಿಂದೆ ಒಂದೂವರೆ ಶತಮಾನದ ಬಡತನವೂ ಇದೆ. ಇದನ್ನು ಮರೆತು ಲೇಕಾಕ್ ನೋಡಿದರೆ ಅರ್ಧವನ್ನಷ್ಟೇ ನೋಡಿದಂತೆ.

ಆ ಮನೆಗಳನ್ನು ಒಂದೊಂದಾಗಿ ಗಮನಿಸಬೇಕು. ಒಂದು ಮನೆಯ ಪಕ್ಕದ ಗೋಡೆಯಲ್ಲಿ ಬಾಗಿದ ಎರಡು ದಪ್ಪ ಮರಗಳು ನೆಲದಿಂದ ಎದ್ದು ಮಾಡಿನ ತುದಿಯಲ್ಲಿ ಕೂಡಿಕೊಂಡಿವೆ. ಸಹಜವಾಗಿಯೇ ಬಾಗಿ ಬೆಳೆದ ಮರವನ್ನು ಉದ್ದಕ್ಕೆ ಸೀಳಿ, ಎರಡು ಹೋಳುಗಳನ್ನು ಎದುರುಬದಿರಾಗಿ ನಿಲ್ಲಿಸಿ, ಸೂರಿನ ಭಾರವನ್ನೆಲ್ಲ ಅವುಗಳ ಮೇಲೆ ಹೊರಿಸುವ ಹಳೆಯ ಬಡಗಿತನ ಅದು. ಜಾರ್ಜ್ ಇನ್ ಎಂಬ ಹಳೆಯ ಪಬ್ಬಿನ ಒಲೆಯ ಬಳಿ ಒಂದು ಮರದ ಚಕ್ರ ಇದೆ. ಅದರೊಳಗೆ ನಾಯಿಯನ್ನು ಬಿಟ್ಟು ಓಡಿಸುತ್ತಿದ್ದರು. ನಾಯಿ ಓಡಿದಂತೆ ಚಕ್ರ ತಿರುಗುತ್ತಿತ್ತು, ಚಕ್ರ ತಿರುಗಿದಂತೆ ಕೆಂಡದ ಮುಂದೆ ಸರಳಿಗೆ ಚುಚ್ಚಿದ ಮಾಂಸ ತಿರುಗುತ್ತಿತ್ತು. ಕಣಜದ ಪಕ್ಕದಲ್ಲೇ ಗುಮ್ಮಟದ ಮಾಡಿರುವ ಪುಟ್ಟ ಕಲ್ಲುಕೋಣೆ. ಕುಡಿದು ಗಲಾಟೆ ಮಾಡಿದವರನ್ನು ರಾತ್ರಿಯೆಲ್ಲ ಕೂಡಿಹಾಕುತ್ತಿದ್ದ ಲಾಕಪ್.

ಊರ ಚರ್ಚು ಸಂತ ಸಿರಿಯಾಕ್‌ನದು. ಅಲ್ಲಿನ ಬೆಳ್ಳಿ ಬಟ್ಟಲಿನದ್ದು ಬೇರೆಯದೇ ಕತೆ. 15ನೇ ಶತಮಾನದಲ್ಲಿ ಯಾರೋ ಶ್ರೀಮಂತರ ಔತಣಕ್ಕೆ ಮಾಡಿದ ಮುಚ್ಚಳವಿರುವ ಪಾನಪಾತ್ರೆ ಹೇಗೋ ಈ ಚರ್ಚಿಗೆ ಬಂತು. ನಾನೂರು ವರ್ಷ ಪವಿತ್ರ ಪಾನಕ್ಕೆ ಬಳಕೆಯಾಯಿತು. ಅಂಥ ಬೆಳ್ಳಿ ಸಾಮಾನುಗಳು ಧರ್ಮಸುಧಾರಣೆಯ ಕಾಲದಲ್ಲಿ, ಅಂತರ್ಯುದ್ಧದಲ್ಲಿ ಕರಗಿಹೋದವು, ಇದು ಉಳಿಯಿತು. 2013ರಲ್ಲಿ ಬ್ರಿಟಿಷ್ ಮ್ಯೂಸಿಯಂ ಮತ್ತು ವಿಲ್ಟ್‌ಶರ್ ಮ್ಯೂಸಿಯಂ ಕೂಡಿ 13 ಲಕ್ಷ ಪೌಂಡಿಗೆ ಅದನ್ನು ಕೊಂಡವು. ಕಟ್ಟಡದ ದುರಸ್ತಿಗೆ ಹಣವಿಲ್ಲದ ಹಳ್ಳಿಯ ಚರ್ಚಿಗೆ ಆ ದುಡ್ಡು ಬೇಕಾಗಿತ್ತು. ಮಾರಾಟಕ್ಕೆ ಊರಿನಲ್ಲಿ ವಿರೋಧವೂ ಬಂತು. ತಲೆತಲಾಂತರದಿಂದ ತುಟಿಗೆ ತಾಗಿದ ಪಾತ್ರೆಯನ್ನು ಬಿಟ್ಟುಕೊಡುವುದು ಅಷ್ಟು ಸುಲಭವಲ್ಲ.

ಇಷ್ಟೇ ಆಗಿದ್ದರೆ ಲೇಕಾಕ್ ಒಂದು ಚೆಂದದ ಹಳೆಯ ಊರಾಗಿ ಉಳಿಯುತ್ತಿತ್ತು. ಜಗತ್ತಿನ ಚರಿತ್ರೆಯಲ್ಲಿ ಅದಕ್ಕೆ ಜಾಗ ದೊರಕಿಸಿಕೊಟ್ಟದ್ದು ಮಠದ ಮನೆಯ ಒಂದು ಕಿಟಕಿ.

ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1800ರಲ್ಲಿ ಹುಟ್ಟಿದವನು. ಗಣಿತ, ಸಸ್ಯಶಾಸ್ತ್ರ, ದೃಗ್ವಿಜ್ಞಾನ ಎಲ್ಲದರಲ್ಲೂ ಆಸಕ್ತಿ; ಮುಂದೆ ಅಸ್ಸೀರಿಯಾದ ಬೆಣೆಲಿಪಿ ಓದುವುದರಲ್ಲೂ ಕೈಯಾಡಿಸಿದ. ಸ್ವಲ್ಪ ಕಾಲ ಚಿಪ್ಪನಂ ಕ್ಷೇತ್ರದ ಸಂಸದನೂ ಆಗಿದ್ದ. ಬಾರದಿದ್ದುದು ಒಂದೇ, ಚಿತ್ರ ಬಿಡಿಸುವ ಕಲೆ. 1833ರಲ್ಲಿ ಇಟಲಿಯ ಕೋಮೋ ಸರೋವರದ ದಡದಲ್ಲಿ ಕ್ಯಾಮರಾ ಲ್ಯೂಸಿಡಾ ಎಂಬ ಉಪಕರಣ ಹಿಡಿದು ಎದುರಿನ ದೃಶ್ಯವನ್ನು ಕಾಗದಕ್ಕಿಳಿಸಲು ಹೆಣಗಿದ. ಜೊತೆಗಿದ್ದ ಹೆಂಡತಿ, ತಂಗಿಯರ ಚಿತ್ರಗಳು ಚೆನ್ನಾಗಿದ್ದವು, ಅವನದು ಕೆಟ್ಟಿತು. ಬೆಳಕೇ ಕಾಗದದ ಮೇಲೆ ತಾನಾಗಿ ಚಿತ್ರ ಬರೆದರೆ ಹೇಗೆ ಎಂಬ ಯೋಚನೆ ಹೊಳೆದದ್ದು ಆಗ.

ಮರುವರ್ಷ ಲೇಕಾಕ್‌ನಲ್ಲಿ ಪ್ರಯೋಗ ಶುರುವಾಯಿತು. ಬರೆಯುವ ಒಳ್ಳೆಯ ಕಾಗದವನ್ನು ಉಪ್ಪುನೀರಿನಲ್ಲಿ ಅದ್ದಿ ಒಣಗಿಸಿ, ಅದಕ್ಕೆ ಸಿಲ್ವರ್ ನೈಟ್ರೇಟ್ ಸವರಿದರೆ ಸಿಲ್ವರ್ ಕ್ಲೋರೈಡಿನ ಪದರ ಕೂರುತ್ತದೆ. ಬೆಳಕು ಬಿದ್ದಲ್ಲಿ ಅದು ಕಪ್ಪಾಗುತ್ತದೆ, ನೆರಳಿದ್ದಲ್ಲಿ ಬಿಳಿಯಾಗಿಯೇ ಇರುತ್ತದೆ. ಎಲೆಯನ್ನೋ ಕಸೂತಿ ಪಟ್ಟಿಯನ್ನೋ ಮೇಲಿಟ್ಟು ಬಿಸಿಲಿಗೆ ಒಡ್ಡಿದರೆ ಅದರ ಅಚ್ಚು ಮೂಡುತ್ತದೆ. ಆಮೇಲೆ ಗಾಢವಾದ ಉಪ್ಪುನೀರಿನಲ್ಲಿ ತೊಳೆದರೆ ಕಾಗದ ಮತ್ತೆ ಬೇಗನೆ ಕಪ್ಪಾಗುವುದಿಲ್ಲ. ಇದು ಕೈಗೂಡಿದ ಮೇಲೆ ಟಾಲ್ಬಟ್ ಪುಟ್ಟ ಪುಟ್ಟ ಮರದ ಪೆಟ್ಟಿಗೆಗಳಿಗೆ ಮಸೂರ ಕೂಡಿಸಿ ಮನೆಯ ಸುತ್ತ ಇಟ್ಟ. ಹೆಂಡತಿ ಕಾನ್‌ಸ್ಟನ್ಸ್ ಅವನ್ನು ಇಲಿಬೋನು ಎಂದು ಕರೆದಳು.

1835ರ ಆಗಸ್ಟ್‌ನಲ್ಲಿ ಅಂಥ ಒಂದು ಪೆಟ್ಟಿಗೆಯನ್ನು ದಕ್ಷಿಣದ ಪಡಸಾಲೆಯಲ್ಲಿ, ಹೊರಚಾಚಿದ ಕಿಟಕಿಯೊಂದಕ್ಕೆ ಎದುರಾಗಿ ಇಟ್ಟ. ಕಾಗದದ ಮೇಲೆ ಮೂಡಿದ ಚಿತ್ರ ಅಂಚೆಚೀಟಿಗಿಂತ ತುಸು ದೊಡ್ಡದಷ್ಟೇ. ಬೆಳಕು ತುಂಬಿದ ಗಾಜುಗಳು ಕಪ್ಪಾಗಿ, ನಡುವಿನ ಪಟ್ಟಿಗಳು ಬೆಳ್ಳಗಾಗಿ ಬಂದಿದ್ದವು. ಮೊದಲು ತೆಗೆದಾಗ ಸುಮಾರು 200 ಗಾಜುಗಳನ್ನು ಮಸೂರ ಹಿಡಿದು ಎಣಿಸಬಹುದಿತ್ತು ಎಂದು ಟಾಲ್ಬಟ್ ಅದರ ಪಕ್ಕದಲ್ಲೇ ಬರೆದಿಟ್ಟಿದ್ದಾನೆ. ಕ್ಯಾಮರಾದಲ್ಲಿ ತೆಗೆದ ನೆಗೆಟಿವ್‌ಗಳಲ್ಲಿ ಇಂದಿಗೂ ಉಳಿದಿರುವ ಅತ್ಯಂತ ಹಳೆಯದು ಇದೇ. ಬ್ರಾಡ್‌ಫರ್ಡ್‌ನ ನ್ಯಾಷನಲ್ ಸೈನ್ಸ್ ಅಂಡ್ ಮೀಡಿಯಾ ಮ್ಯೂಸಿಯಂನಲ್ಲಿ ಮೂಲಪ್ರತಿ ಇದೆ. ಕಿಟಕಿ ಲೇಕಾಕ್‌ನಲ್ಲೇ ಇದೆ.

ಟಾಲ್ಬಟ್ ಈ ಕೆಲಸವನ್ನು ಲೋಕಕ್ಕೆ ಸಾರದೆ ಇಟ್ಟುಕೊಂಡ. 1839ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ಡಾಗೇರ್ ಎಂಬಾತ ಬೆಳಕಿನಿಂದ ಚಿತ್ರ ಮೂಡಿಸುವ ವಿಧಾನ ಪ್ರಕಟವಾದಾಗ ಗಾಬರಿಬಿದ್ದು, ಅದೇ ತಿಂಗಳಲ್ಲಿ ಲಂಡನ್ನಿನ ವಿದ್ವತ್ ಸಭೆಗಳ ಮುಂದೆ ತನ್ನ ಚಿತ್ರಗಳನ್ನು ಇಟ್ಟ. ಎರಡು ವಿಧಾನಗಳೂ ಬೇರೆ ಬೇರೆ. ಡಾಗೇರ್‌ನದು ಬೆಳ್ಳಿ ಲೇಪದ ತಾಮ್ರದ ತಗಡಿನ ಮೇಲಿನ ಚಿತ್ರ. ಕನ್ನಡಿಯಂತೆ ಸ್ಪಷ್ಟ, ಆದರೆ ಒಂದು ತೆಗೆದರೆ ಒಂದೇ. ಟಾಲ್ಬಟ್‌ನ ಕಾಗದದ ನೆಗೆಟಿವ್ ಅಷ್ಟು ಸ್ಪಷ್ಟವಲ್ಲದಿದ್ದರೂ ಅದರಿಂದ ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದಿತ್ತು. 1840ರಲ್ಲಿ, ಕಣ್ಣಿಗೆ ಕಾಣದಂತೆ ಕಾಗದದಲ್ಲಿ ಅಡಗಿದ ಚಿತ್ರವನ್ನು ಗ್ಯಾಲಿಕ್ ಆಮ್ಲದಿಂದ ಹೊರತರಬಹುದೆಂದು ಕಂಡುಕೊಂಡ. ಅದಕ್ಕೆ ಕ್ಯಾಲೋಟೈಪ್ ಎಂದು ಹೆಸರಿಟ್ಟು ಮುಂದಿನ ವರ್ಷ ಪೇಟೆಂಟ್ ಪಡೆದ. ಡಿಜಿಟಲ್ ಕ್ಯಾಮರಾ ಬರುವ ತನಕ ಮದುವೆಮನೆಯ ಆಲ್ಬಂನಿಂದ ಪಾಸ್‌ಪೋರ್ಟ್ ಫೋಟೋವರೆಗೆ, ನೆಗೆಟಿವ್ ತೆಗೆದು ಪ್ರಿಂಟ್ ಹಾಕುವ ಕ್ರಮಕ್ಕೆಲ್ಲ ಬುನಾದಿ ಲೇಕಾಕ್‌ನಲ್ಲಿ ಬಿತ್ತು. ಪೇಟೆಂಟಿನ ಬಿಗಿಯಿಂದ ಇಂಗ್ಲೆಂಡಿನಲ್ಲೇ ಅದು ನಿಧಾನಕ್ಕೆ ಹರಡಿತೆಂಬ ದೂರು ಆಗಲೇ ಇತ್ತು, ಆ ದೂರಿನಲ್ಲಿ ಹುರುಳೂ ಇತ್ತು.

ಈ ಕಾಗದದ ನೆಗೆಟಿವ್ ಹದಿನೈದೇ ವರ್ಷದಲ್ಲಿ ಕನ್ನಡ ನಾಡನ್ನು ಮುಟ್ಟಿತು. 1855ರಲ್ಲಿ ಬಾಂಬೆ ಪ್ರೆಸಿಡೆನ್ಸಿಯ ಸರ್ಕಾರ ನೇಮಿಸಿದ ಕ್ಯಾಪ್ಟನ್ ಥಾಮಸ್ ಬಿಗ್ಸ್ ಬಿಜಾಪುರ, ಐಹೊಳೆ, ಬಾದಾಮಿಗಳನ್ನು ಕ್ಯಾಮರಾದಲ್ಲಿ ಹಿಡಿದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯ ದಿಬ್ಬಗಳನ್ನು ಭಾರಿ ಕ್ಯಾಮರಾ ಹೊತ್ತು ಸುತ್ತಿದ. ಕಾಗದಕ್ಕೆ ಮೇಣ ಊಡಿಸಿ ಸುಧಾರಿಸಿದ ನೆಗೆಟಿವ್ ಅವನದು. ಆಗ ಬಳಕೆಗೆ ಬಂದಿದ್ದ ಗಾಜಿನ ಫಲಕದ ನೆಗೆಟಿವ್ ಆಗಿದ್ದರೆ ಹಸಿಯಿರುವಾಗಲೇ ತೊಳೆದು ಮುಗಿಸಬೇಕಿತ್ತು. ಮೇಣದ ಕಾಗದವನ್ನು ಮೊದಲೇ ಸಿದ್ಧಮಾಡಿಕೊಂಡು, ಚಿತ್ರ ತೆಗೆದು, ಬಿಡಾರಕ್ಕೆ ಮರಳಿದ ಮೇಲೆ ತೊಳೆಯಬಹುದಿತ್ತು. ಹಂಪಿಯ ಬಿಸಿಲಿಗೆ ಅದೇ ಅನುಕೂಲ. ಗ್ರೀನ್‌ಲಾನ ಚಿತ್ರದಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ತೇರಿಗೆ ಇಟ್ಟಿಗೆಯ ಶಿಖರವಿದೆ. ಇವತ್ತು ಆ ಶಿಖರವಿಲ್ಲ. ಐವತ್ತು ರೂಪಾಯಿ ನೋಟಿನ ಮೇಲೆ ನಾವು ಕಾಣುವುದು ಶಿಖರ ಕಳೆದುಕೊಂಡ ತೇರನ್ನು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಮತ್ತೆ ಚಿತ್ರ ತೆಗೆದರು. ಜೋಡಿಯಾಗಿ ನೋಡಿದರೆ ಹಂಪಿಯಲ್ಲಿ ಏನು ಉಳಿಯಿತು, ಏನು ಹೋಯಿತು ಎಂಬುದು ತಿಳಿಯುತ್ತದೆ. ಕನ್ನಡಿಗರು ಲೇಕಾಕ್‌ನ ಆ ಕಿಟಕಿಯ ಮುಂದೆ ತುಸು ಹೊತ್ತು ಹೆಚ್ಚು ನಿಲ್ಲಲು ಇದು ಸಾಕಷ್ಟು ಕಾರಣ.

ಟಾಲ್ಬಟ್ 1877ರಲ್ಲಿ ತೀರಿಕೊಂಡ. ಅವನ ಸಮಾಧಿ ಊರಿನ ಸ್ಮಶಾನದಲ್ಲೇ ಇದೆ. ಮಗನ ತರುವಾಯ, 1916ರಲ್ಲಿ ಆಸ್ತಿ ಬಂದದ್ದು ಮೊಮ್ಮಗಳು ಮಟಿಲ್ಡಾ ಅವರಿಗೆ. ಅವರು ಮದುವೆಯಾಗಲಿಲ್ಲ. ಎರಡು ಮಹಾಯುದ್ಧಗಳ ನಡುವೆ ಇಂಗ್ಲೆಂಡಿನ ದೊಡ್ಡ ಮನೆಗಳು ಒಂದೊಂದಾಗಿ ಬೀಳುತ್ತಿದ್ದವು. ಯಜಮಾನ ಸತ್ತಾಗ ಕಟ್ಟಬೇಕಾದ ತೆರಿಗೆ, ಆಳುಕಾಳು ಸಿಗದ ಸ್ಥಿತಿ, ಸೋರುವ ಮಾಡು. ಉತ್ತರಾಧಿಕಾರಿಗಳು ಮಾರಿಯೋ ಕೆಡವಿಯೋ ಕೈತೊಳೆದುಕೊಂಡರು. ಮಟಿಲ್ಡಾ ಟಾಲ್ಬಟ್ 1944ರಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, ಮಠದ ಮನೆಯನ್ನೂ ಹೆಚ್ಚುಕಡಿಮೆ ಇಡೀ ಊರನ್ನೂ ನ್ಯಾಷನಲ್ ಟ್ರಸ್ಟ್‌ಗೆ ಕೊಟ್ಟುಬಿಟ್ಟರು. 1895ರಲ್ಲಿ ಹುಟ್ಟಿದ ಈ ಸಂಸ್ಥೆ ಸರ್ಕಾರದ್ದಲ್ಲ. ಸದಸ್ಯರ ಚಂದಾ, ದಾನ, ಪ್ರವೇಶಧನದಿಂದ ನಡೆಯುತ್ತದೆ. ದೊರೆಯ ಅಧಿಕಾರಕ್ಕೆ ಮಿತಿ ಹಾಕಿದ ಹಕ್ಕುಪತ್ರ ಮ್ಯಾಗ್ನ ಕಾರ್ಟದ 1225ರ ಒಂದು ಮೂಲಪ್ರತಿ ಶತಮಾನಗಳಿಂದ ಈ ಮನೆಯಲ್ಲಿತ್ತು. ಅದನ್ನೂ ಮಟಿಲ್ಡಾ ಬ್ರಿಟಿಷ್ ಮ್ಯೂಸಿಯಂಗೆ ಒಪ್ಪಿಸಿದರು. ಈಗ ಅದು ಬ್ರಿಟಿಷ್ ಲೈಬ್ರರಿಯಲ್ಲಿದೆ.

ಒಂದೊಂದು ಮನೆ ಒಬ್ಬೊಬ್ಬರದಾಗಿದ್ದರೆ ಇಷ್ಟು ಹೊತ್ತಿಗೆ ಕಿಟಕಿಗಳು ಬದಲಾಗುತ್ತಿದ್ದವು, ಗೋಡೆಗಳು ಮುಂದೆ ಬರುತ್ತಿದ್ದವು. ಟ್ರಸ್ಟ್ ಒಂದೇ ಒಡೆಯನಾದ್ದರಿಂದ ತಂತಿಗಳು ನೆಲದಡಿ ಹೋದವು, ಮಾಡು ಮಾಡಿನಂತೆಯೇ ಉಳಿಯಿತು. ಆದರೆ ಇದಕ್ಕೆ ಬೆಲೆ ತೆರುವವರು ಇಲ್ಲಿ ಬದುಕುವವರು. ಹೆಚ್ಚಿನವರು ಟ್ರಸ್ಟ್‌ನ ಬಾಡಿಗೆದಾರರು. ಹೊರಗೋಡೆಗೆ ಏನು ಮಾಡಬೇಕೆಂದರೂ ಅನುಮತಿ ಬೇಕು. ಬೇಸಿಗೆಯ ಶನಿವಾರ ಬಾಗಿಲು ತೆಗೆದರೆ ಎದುರಿಗೆ ಪ್ರವಾಸಿಗರ ಗುಂಪು. ಸಿನಿಮಾದವರು ಬಂದರೆ ಬೀದಿಗೆ ಬೀದಿಯೇ ಅವರ ಕೈಗೆ ಹೋಗುತ್ತದೆ. 1995ರ ಬಿಬಿಸಿ ಧಾರಾವಾಹಿ ‘ಪ್ರೈಡ್ ಅಂಡ್ ಪ್ರೆಜುಡಿಸ್’, ಆಮೇಲೆ ‘ಕ್ರ್ಯಾನ್‌ಫರ್ಡ್’, ‘ಡೌನ್‌ಟನ್ ಆಬಿ’ ಇಲ್ಲಿ ಚಿತ್ರೀಕರಣವಾದವು. ಹ್ಯಾರಿ ಪಾಟರ್ ಮೊದಲ ಚಿತ್ರಗಳ ಮಾಂತ್ರಿಕ ಶಾಲೆಯ ಕೆಲವು ಕೋಣೆಗಳು ಇದೇ ಮಠದವು. ಸನ್ಯಾಸಿನಿಯರು ಚಳಿ ಕಾಯಿಸುತ್ತಿದ್ದ ಕೋಣೆಯಲ್ಲಿ ಇಂದಿಗೂ ಇರುವ ದೊಡ್ಡ ಕೊಪ್ಪರಿಗೆಯನ್ನು ಮಕ್ಕಳು ಸಿನಿಮಾದ ಸೆಟ್ಟಿನದೆಂದೇ ತಿಳಿಯುತ್ತಾರೆ. ಅದು 1500ರಲ್ಲಿ ಮೆಕೆಲೆನ್‌ನಲ್ಲಿ ಎರಕ ಹೊಯ್ದ ಅಸಲಿ ಕೊಪ್ಪರಿಗೆ.

ಹೋಗುವವರು ವಾರದ ನಡುವಿನ ದಿನ ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದು. ಬೀದಿಗಳಲ್ಲಿ ಅಡ್ಡಾಡಲು ದುಡ್ಡಿಲ್ಲ. ಮಠದ ಮನೆಗೂ ಅದರ ಬಾಗಿಲ ಬಳಿಯ ಹಳೆಯ ಕೊಟ್ಟಿಗೆಯಲ್ಲಿರುವ ಫಾಕ್ಸ್ ಟಾಲ್ಬಟ್ ಮ್ಯೂಸಿಯಂಗೂ ಟಿಕೆಟ್ ಬೇಕು. ಚಳಿಗಾಲದಲ್ಲಿ ಒಳಕೋಣೆಗಳು ಮುಚ್ಚಿರುವುದುಂಟು, ಹೊರಡುವ ಮೊದಲು ವಿಚಾರಿಸಿಕೊಳ್ಳಬೇಕು. ಮೊದಲು ಮ್ಯೂಸಿಯಂ ನೋಡಿ ಆಮೇಲೆ ದಕ್ಷಿಣ ಪಡಸಾಲೆಗೆ ಹೋದರೆ ಆ ಕಿಟಕಿ ಏನೆಂದು ಗೊತ್ತಿರುತ್ತದೆ. ಮೊದಲೇ ಹೋದರೆ ಎಷ್ಟೋ ಜನ ಅದನ್ನು ಗಮನಿಸದೆ ದಾಟಿಬಿಡುತ್ತಾರೆ. ಮಧ್ಯಾಹ್ನ ಚರ್ಚಿನ ಹಿಂದಿನಿಂದ, ಹಳ್ಳದ ಕಾಲುಸೇತುವೆ ದಾಟಿ, ಹೊಲಗಳ ನಡುವಿನ ಕಾಲುದಾರಿಯಲ್ಲಿ ರೇಬ್ರಿಜ್ ಎಂಬ ಪುಟ್ಟ ಹಳ್ಳಿಗೆ ನಡೆಯಬಹುದು. ಅಲ್ಲಿ ಏವನ್‌ಗೆ ಹಳೆಯ ಕಲ್ಲಿನ ಸೇತುವೆಯಿದೆ. ಮಳೆ ಜೋರಾದ ಚಳಿಗಾಲದಲ್ಲಿ ಹೊಳೆ ದಡ ಮೀರಿ ಹುಲ್ಲುಗಾವಲಿಗೆ ನುಗ್ಗುತ್ತದೆ, ಆಗ ಆ ದಾರಿ ಬೇಡ. ಸಂಜೆ ಸಮಯವಿದ್ದರೆ ಬಾತ್ ನಗರಕ್ಕೆ ಚಿಪ್ಪನಂನಿಂದ ಬೇಕಾದಷ್ಟು ರೈಲುಗಳಿವೆ.